ಹೆಪ್ಪಿನ ಕಣ

ನಾನು ರಕ್ತ ಎಣಿಸುವ ಮಿಶನ್ ಮಾರುವವನು. ಮದುವೆ ಮನೆಯಲ್ಲಿ ಯಾರಾದರೂ ‘ಏನ್ಮಾಡ್ಕೊಂಡಿದ್ದೀರಿ’ ಎಂದು ಕೇಳಿದಾಗ ಇದನ್ನು ಹೇಳಿದರೆ ಪಕ್ಕದ ಎಲೆಯವರೂ ಊಟ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ಅದಕ್ಕೇ ಈಗೀಗ ‘ಮೆಡಿಕಲ್ ಲೈನಲ್ಲಿದೀನಿ’ ಎಂದಷ್ಟು ಹೇಳಿ ಸುಮ್ಮನಾಗುತ್ತೇನೆ. ಹೆಸರು ಮೋಹನ್‌ಕುಮಾರ್, ಊರು ಹಾಸನದ ಪಕ್ಕದ ಕೊರವಂಗಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕುಗಳನ್ನು ಕಂಪನಿ ನನ್ನ ತಲೆಗೆ ಕಟ್ಟಿದೆ. ಇಲ್ಲಿನ ಲ್ಯಾಬುಗಳಿಗೆ ಮಿಶನ್ ಕೊಡುವವನೂ ನಾನೇ, ಕೆಟ್ಟರೆ ಬಿಚ್ಚುವವನೂ ನಾನೇ, ಬೈಸಿಕೊಳ್ಳುವವನೂ ನಾನೇ.

ಮಿಶನ್ ಎಂದರೆ ಭಾರಿ ಏನಲ್ಲ, ಟೇಬಲ್ಲಿನ ಮೇಲೆ ಕೂರುವಂಥದ್ದು. ಒಂದೆರಡು ಹನಿ ರಕ್ತ ಹೀರಿಕೊಂಡು, ಒಂದು ನಿಮಿಷ ಗುರುಗುಟ್ಟಿ, ಕೆಂಪು ಕಣ ಇಷ್ಟು, ಬಿಳಿ ಕಣ ಇಷ್ಟು, ಪ್ಲೇಟ್‌ಲೆಟ್ ಇಷ್ಟು ಎಂದು ಕಾಗದ ಹೊರಕ್ಕೆ ತಳ್ಳುತ್ತದೆ. ಅದನ್ನು ನಾವು ಬಹುಪಾಲು ಪುಕ್ಕಟೆಯೇ ಇಟ್ಟುಬರುತ್ತೇವೆ. ದುಡ್ಡು ಇರುವುದು ಅದು ಕುಡಿಯುವ ನೀರಿನಲ್ಲಿ. ಕ್ಯಾನುಗಳಲ್ಲಿ ಬರುವ ಆ ದ್ರಾವಣ ನಮ್ಮ ಕಂಪನಿಯದೇ ಆಗಬೇಕು, ಬೇರೆಯವರದನ್ನು ನಮ್ಮ ಮಿಶನ್ ಮುಟ್ಟುವುದಿಲ್ಲ, ಅಷ್ಟು ಮಡಿ. ತಿಂಗಳಿಗೆ ಇಷ್ಟು ಟೆಸ್ಟ್ ಮಾಡುತ್ತೇವೆಂದು ಲ್ಯಾಬಿನವರು ಬರೆದುಕೊಡಬೇಕು. ಕಡಿಮೆಯಾದರೆ ಮಿಶನ್ ವಾಪಸ್, ಜೊತೆಗೆ ನನಗೆ ಹಾಸನದ ಆಫೀಸಿನಲ್ಲಿ ಮ್ಯಾನೇಜರ್ ರಜನೀಶ್ ಅವರಿಂದ ಅರ್ಧ ಗಂಟೆ ಉಪದೇಶ.

ಈ ವ್ಯಾಪಾರದಲ್ಲಿ ಜನ ಮಿಶನ್ ಕೊಳ್ಳುವುದಕ್ಕೆ ಇಂಥದೇ ಕಾರಣ ಅಂತಿಲ್ಲ. ಚನ್ನರಾಯಪಟ್ಟಣದಲ್ಲಿ ಒಬ್ಬರು ಎದುರು ಸಾಲಿನ ಲ್ಯಾಬಿಗೆ ದೊಡ್ಡ ಮಿಶನ್ ಬಂತೆಂದು ಅದಕ್ಕಿಂತ ದೊಡ್ಡದು ತರಿಸಿಕೊಂಡರು. ಹೊಳೆನರಸೀಪುರದಲ್ಲಿ ಇನ್ನೊಬ್ಬರು ರಸ್ತೆಯವರಿಗೆ ಕಾಣಲಿ ಎಂದು ಅದನ್ನು ಗಾಜಿನ ಕಿಟಕಿಯ ಹತ್ತಿರ ಇಟ್ಟು, ಬಿಸಿಲಿಗೆ ಕಾದು ಅದು ಏನೇನೋ ಹೇಳತೊಡಗಿದಾಗ ನನಗೆ ಫೋನ್ ಮಾಡಿ ಬೈದರು. ಅರಕಲಗೂಡಿನ ಗಂಗಾಂಬಿಕೆಯವರು ಮಾತ್ರ ಮಿಶನ್ನನ್ನು ಮಿಶನ್ ಎಂದೇ ತೆಗೆದುಕೊಂಡವರು.

ಅವರನ್ನು ಪೂರ್ತಿ ಹೆಸರಿನಿಂದ ಕರೆಯುವವರಿಲ್ಲ. ನನ್ನಂಥವರಿಗೆ ಗಂಗಕ್ಕ, ಹಳ್ಳಿಯವರಿಗೆ ಗಂಗಮ್ಮೋರು. ವಯಸ್ಸು ಐವತ್ತೆರಡು. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿಯಲ್ಲಿ ಎರಡು ಕೋಣೆಯ ಲ್ಯಾಬು; ಹಿಂದಿನ ಬಾಗಿಲು ತೆಗೆದರೆ ಅವರ ಅಡುಗೆಮನೆ. ಸೂಜಿ ಚುಚ್ಚುವಾಗ ‘ಈ ಸಲ ಏನ್ ಆಕಿದ್ದೀರಿ, ಜೋಳವಾ, ಆಲೂಗೆಡ್ಡೆಯಾ?’ ಎಂದು ಕೇಳುತ್ತಾರೆ. ರೈತ ಆಲೂಗೆಡ್ಡೆಯ ಕಷ್ಟ ಹೇಳಿ ಮುಗಿಸುವ ಹೊತ್ತಿಗೆ ತೋಳಿನ ಮೇಲೆ ಹತ್ತಿ ಕೂತಿರುತ್ತದೆ.

ಇಪ್ಪತ್ತಾರು ವರ್ಷ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕಣ ಎಣಿಸಿದ ಹೆಂಗಸು, ಮಿಶನ್ ಎಂದರೆ ಜಗಳವಾಡುತ್ತಾರೆ ಎಂದುಕೊಂಡು ನಾನು ಮೊದಲ ದಿನ ದಾರಿಯುದ್ದಕ್ಕೂ ಭಾಷಣ ತಯಾರಿ ಮಾಡಿಕೊಂಡು ಹೋಗಿದ್ದೆ. ಅವರು ಭಾಷಣ ಶುರುಮಾಡಲೂ ಬಿಡಲಿಲ್ಲ.

“ಕಣ್ಣು ಸೋತೋಗ್ತಾವೆ ಕಣಪ್ಪ. ತಂದಿಡು. ಮೂರು ಮಾತು ಕೇಳ್ತೀನಿ, ಅದಕ್ಕೆ ಉತ್ತರ ಏಳು. ಕರೆಂಟು ಓದ್ರೆ ಏನು? ಕೆಟ್ಟೋದ್ರೆ ಯಾರು ಬತ್ತಾರೆ? ಅದು ಸುಳ್ಳು ಏಳ್ದಾಗ ನಂಗೆಂಗೆ ಗೊತ್ತಾಗೋದು?”

ಮೊದಲ ಎರಡನ್ನು ನಾಲ್ಕು ತಾಲ್ಲೂಕಿನವರೂ ಕೇಳುತ್ತಾರೆ. ಮೂರನೆಯದನ್ನು ಕೇಳಿದವರು ಇವರೊಬ್ಬರೇ. ಎಲ್ಲಿ ಅನುಮಾನವೋ ಅಲ್ಲಿ ಮಿಶನ್ನೇ ನಕ್ಷತ್ರದ ಗುರುತು ಹಾಕುತ್ತದೆ ಎಂದೆ. “ಅಂಗಾದ್ರೆ ನಕ್ಷತ್ರ ಬಂದಿದ್ದೆಲ್ಲಾ ನಾನು ಕಣ್ಣಾರೆ ನೋಡ್ತೀನಿ” ಎಂದರು. ಅವತ್ತಿನಿಂದ ಟೇಬಲ್ಲಿನ ಮೇಲೆ ಒಂದು ನೀಲಿ ಟ್ರೇ ಬಂತು. ನಕ್ಷತ್ರದ ಕಾಗದಗಳೆಲ್ಲ ಅದರೊಳಕ್ಕೆ. ಗಂಗಕ್ಕ ಸ್ಲೈಡ್ ಮಾಡಿ ನೋಡಿದ ಮೇಲೇ ಅವು ಹೊರಗೆ ಬರುತ್ತಿದ್ದವು. ಇಷ್ಟು ಎಚ್ಚರದ ಹೆಂಗಸಿನ ಕೈಯಲ್ಲಿಯೇ ಆ ತಪ್ಪು ಆಯಿತು ಎನ್ನುವುದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ತಪ್ಪಿನ ಬೇರು ಒಂದು ಪದದಲ್ಲಿದೆ. ನಮ್ಮ ಕಡೆ ಪ್ಲೇಟ್‌ಲೆಟ್‌ಗೆ ಹೆಸರಿಲ್ಲ. ಮೊದಲು ಬೇಕೂ ಆಗಿರಲಿಲ್ಲ. ಡೆಂಗಿ ಮನೆಮನೆಗೆ ಬರತೊಡಗಿದ ಮೇಲೆ, ಕಮ್ಮಿಯಾದರೆ ಜೀವಕ್ಕೆ ಅಪಾಯ ತರುವ ಈ ಕಣವನ್ನು ಏನಾದರೂ ಕರೆಯಬೇಕಲ್ಲ. ಕೆಂಪಲ್ಲ ಅಂದಮೇಲೆ ಬಿಳಿ ತಾನೇ ಎಂದು ಜನ ತಾವೇ ತೀರ್ಮಾನ ಮಾಡಿಕೊಂಡರು. ‘ಬಿಳಿ ರಕ್ತ ಕಮ್ಮಿಯಾಗೈತೆ’ ಎಂದರೆ ಊರವರ ಬಾಯಲ್ಲಿ ಅದು ಪ್ಲೇಟ್‌ಲೆಟ್. ಲ್ಯಾಬಿನವರಿಗೆ ಬಿಳಿ ಕಣ ಬೇರೆ, ಅದು ರೋಗದ ಜೊತೆ ಹೊಡೆದಾಡುವಂಥದ್ದು, ಪ್ಲೇಟ್‌ಲೆಟ್ ರಕ್ತ ಹೆಪ್ಪುಗಟ್ಟಿಸುವಂಥದ್ದು. ಗಂಗಕ್ಕನಿಗೆ ಎರಡು ಭಾಷೆಯೂ ಗೊತ್ತು. ಯಾರಾದರೂ ‘ಬಿಳಿ ರಕ್ತ ಎಷ್ಟೈತೆ’ ಎಂದರೆ ‘ಯಾವ್ದು, ಡೆಂಗಿದಾ?’ ಎಂದು ತಿರುಗಿ ಕೇಳುವುದು ಅವರ ರೂಢಿ.

ಹೋದ ವರ್ಷ ಜುಲೈ ತಿಂಗಳ ಒಂದು ಮಂಗಳವಾರ ಆ ರೂಢಿ ತಪ್ಪಿತು. ಮಲ್ಲಿಪಟ್ಟಣದ ತಿಮ್ಮಪ್ಪ ಎಂಬ ರೈತ ಐದು ದಿನದಿಂದ ಜ್ವರದಲ್ಲಿದ್ದ ಹೆಂಡತಿ ಕಾಮಾಕ್ಷಮ್ಮನನ್ನು ಬೆಳಿಗ್ಗೆ ಕರೆತಂದು ರಕ್ತ ಕೊಡಿಸಿ, ‘ಪೇಪರ್ ಸಾಯಂಕಾಲ ಬಂದು ಈಸ್ಕೊತೀನಿ’ ಎಂದು ಬಸ್ ಹತ್ತಿಸಿಕೊಂಡು ಹೋದರು. ಬಿಳಿ ರಕ್ತ ಕಮ್ಮಿಯಾದರೆ ಆ ಕ್ಷಣವೇ ಹಾಸನಕ್ಕೆ ಕರೆದುಕೊಂಡು ಹೋಗು ಎಂದು ಊರಿನಲ್ಲಿ ನಾಲ್ಕು ಜನ ಹೇಳಿದ್ದರು. ಮಧ್ಯಾಹ್ನ ಅವರು ಫೋನ್ ಮಾಡಿದಾಗ ಲ್ಯಾಬಿನಲ್ಲಿ ನಲವತ್ತು ಜನ ನಿಂತಿದ್ದರು.

“ಗಂಗಮ್ಮೋರೆ, ಕಾಮಾಕ್ಷಮ್ಮಂದು ಬಿಳಿ ರಕ್ತ ಎಂಗೈತೆ?”

ಗಂಗಕ್ಕ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕಾಗದ ನೋಡಿದರು. ಮಿಶನ್ ಬಿಳಿ ಕಣವನ್ನು ಮೊದಲ ಸಾಲಿನಲ್ಲಿ ಅಚ್ಚು ಹಾಕುತ್ತದೆ. ಐದು ಸಾವಿರದ ಒಂದು ನೂರು. ಇರಬೇಕಾದಷ್ಟಿತ್ತು.

“ನಾರ್ಮಲ್ ಐತೆ.”

“ಸರ್ಯಾಗೈತಾ?”

“ಸರ್ಯಾಗೈತೆ ಗೌಡ್ರೆ.”

ಅಷ್ಟೇ ಮಾತು. ಪ್ಲೇಟ್‌ಲೆಟ್ ಕೆಳಗಿನ ಸಾಲಿನಲ್ಲಿತ್ತು, ಮೂವತ್ತೆಂಟು ಸಾವಿರ, ಪಕ್ಕದಲ್ಲಿ ನಕ್ಷತ್ರ. ಒಂದೂವರೆ ಲಕ್ಷಕ್ಕಿಂತ ಕಡಿಮೆ ಇರಬಾರದ ಕಣ. ಕಾಗದ ನೀಲಿ ಟ್ರೇಗೆ ಹೋಯಿತು. ಸಂಜೆ ಗಂಗಕ್ಕ ಸ್ಲೈಡ್ ನೋಡಿ, ಮಿಶನ್ ಹೇಳಿದ್ದು ನಿಜವೆಂದು ಖಚಿತ ಮಾಡಿಕೊಂಡು, ತಿಮ್ಮಪ್ಪ ಬಂದ ತಕ್ಷಣ ಹಾಸನಕ್ಕೆ ಕಳಿಸಬೇಕೆಂದು ಅದನ್ನು ಎಲ್ಲಕ್ಕಿಂತ ಮೇಲಿಟ್ಟರು. ಮಧ್ಯಾಹ್ನದ ಫೋನ್ ಇವರದೇ ಎಂದು ಆಗ ಅವರಿಗೆ ಹೊಳೆಯಲೇ ಇಲ್ಲ. ಎಲ್ಲ ಸರಿಯಾಗಿದೆ ಎಂದು ಕೇಳಿಸಿಕೊಂಡ ತಿಮ್ಮಪ್ಪ ಬರಲೂ ಇಲ್ಲ.

ಗುರುವಾರ ನಾನು ಮಿಶನ್ನಿನ ಟ್ಯೂಬ್ ಬದಲಿಸಲು ಹೋದಾಗ ಗಂಗಕ್ಕ ಆ ಕಾಗದ ಹಿಡಿದುಕೊಂಡು ನಿಂತಿದ್ದರು. ಬುಧವಾರದ ಕಾಗದಗಳ ಅಡಿಯಲ್ಲಿ, ಎರಡು ದಿನದಿಂದ ಯಾರೂ ಒಯ್ಯದೆ ಉಳಿದದ್ದನ್ನು ಕಂಡು ಆಗ ತಾನೇ ಫೋನ್ ಮಾಡಿದ್ದರು. ತಿಮ್ಮಪ್ಪನ ಅಣ್ಣನ ಮಗ ಎತ್ತಿಕೊಂಡ. ಬೆಳಿಗ್ಗೆ ಕಾಮಾಕ್ಷಮ್ಮನ ಒಸಡಿನಲ್ಲಿ ರಕ್ತ ಬಂದು, ಮೈ ತಣ್ಣಗಾಗಿ, ಓಮ್ನಿಯಲ್ಲಿ ಹಾಸನಕ್ಕೆ ಕರೆದುಕೊಂಡು ಹೋಗಿದ್ದರಂತೆ.

“ನಾನು ಬಿಳಿ ಕಣ ಓದ್ಬುಟ್ಟೆ ಕಣೋ ಮೋನ. ಅವ್ರು ಕೇಳಿದ್ದು ಇದನ್ನ” ಎಂದು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು.

ನನಗೆ ಮೊದಲು ಆದದ್ದು ಸಮಾಧಾನ, ಮಿಶನ್ನಿನ ತಪ್ಪಲ್ಲವಲ್ಲ ಎಂದು. ಒಬ್ಬಳು ಹೆಂಗಸು ಸಾಯುತ್ತಿರಬಹುದಾದ ಹೊತ್ತಿನಲ್ಲಿ ನನಗೆ ಹಾಗನ್ನಿಸಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಕಾಮಾಕ್ಷಮ್ಮ ಬದುಕಿದರು. ಹಾಸನದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿ, ಚೀಲಗಟ್ಟಲೆ ಪ್ಲೇಟ್‌ಲೆಟ್ ಹಾಕಿಸಿಕೊಂಡು ಊರಿಗೆ ಬಂದರು. ಅವರನ್ನು ಐಸಿಯುನಿಂದ ವಾರ್ಡಿಗೆ ತಂದ ದಿನ ಗಂಗಕ್ಕ ಲ್ಯಾಬಿಗೆ ಬೀಗ ಹಾಕಿ ಹಾಸನಕ್ಕೆ ಹೋಗಿ ನೋಡಿಕೊಂಡು ಬಂದರು. ನಿಜ ಹೇಳಬೇಕೆಂದೇ ಹೋಗಿದ್ದರು. ಅಲ್ಲಿ ತಿಮ್ಮಪ್ಪ ಎದ್ದು ನಿಂತು ಕೈಮುಗಿದು, ಸುತ್ತಲಿದ್ದ ನೆಂಟರಿಗೆಲ್ಲ “ಇವ್ರೇ ಕಣ್ರಪ್ಪ ಗಂಗಮ್ಮೋರು. ಪೇಪರ್ ಒಯ್ದಿಲ್ಲ ಅಂತ ತಾವೇ ಫೋನ್ ಮಾಡಿದ್ರು. ಅವತ್ತು ಎಲ್ಲಾ ಸರ್ಯಾಗೇ ಇತ್ತು, ಆಮ್ಯಾಕೆ ಬಿದ್ದೋಯ್ತು” ಎಂದರಂತೆ. ಗಂಗಕ್ಕ ನಿಜ ಹೇಳದೆಯೇ ವಾಪಸ್ ಬಂದು ಇದನ್ನೆಲ್ಲ ನನಗೆ ಹೇಳಿದರು.

“ಅವ್ರೇ ಅಂಗಂದ್ಕೊಂಡವ್ರೆ, ಸುಮ್ನೆ ಬಿಡಕ್ಕ” ಎಂದೆ ನಾನು. “ಹೆಂಗಸು ಉಳ್ಕೊಂಡ್ರು. ಯಾರೂ ಕೇಳ್ತಿಲ್ಲ. ಏಳಿದ್ರೆ ಲ್ಯಾಬಿನ ಎಸ್ರು ಓಯ್ತದೆ ಅಷ್ಟೇ.”

ಗಂಗಕ್ಕ ಕಾಗದವನ್ನು ಮಡಿಸಿ ಟೇಬಲ್ಲಿನ ಡ್ರಾಯರಿನಲ್ಲಿಟ್ಟರು. ಹರಿದುಹಾಕಿ ಎಂದೆ. ಅವರು ಡ್ರಾಯರ್ ದೂಡಿ ಮುಚ್ಚಿದರು.

ಆ ಆಗಸ್ಟಿನಲ್ಲಿ ಅವರು ಪದ ಹುಡುಕಲು ಹೊರಟರು. ಪ್ಲೇಟ್‌ಲೆಟ್‌ಗೆ ಊರವರ ಬಾಯಿಗೆ ಸಿಗುವ, ಬಿಳಿಗೂ ಕೆಂಪಿಗೂ ಕಲೆಯದ ಹೆಸರೊಂದು ಬೇಕಿತ್ತು. ಪುಸ್ತಕದಲ್ಲಿ ‘ಕಿರುತಟ್ಟೆ’ ಎಂದಿದೆಯಂತೆ. ಅದನ್ನು ಮೊದಲು ಪ್ರಯೋಗ ಮಾಡಿದ್ದು ನಿವೃತ್ತ ಪೋಸ್ಟ್‌ಮ್ಯಾನ್ ದ್ಯಾವಯ್ಯನವರ ಮೇಲೆ. ನಿಮ್ಮ ತಟ್ಟೆ ಎರಡು ಲಕ್ಷ ಇದೆ ಎಂದರೆ ಅವರು “ಒಂದು ತಟ್ಟೆ ಇಡ್ಲಿಗೇ ವಟ್ಟೆ ತುಂಬ್ತದಲ್ಲವ್ವ” ಎಂದರು. ಅಲ್ಲಿಗೆ ಅದು ಮುಗಿಯಿತು.

ಒಂದು ಸಂಜೆ ಹಿಂದಿನ ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಾ ಗಂಗಕ್ಕ ಚಮಚ ಹಿಡಿದ ಕೈಯಲ್ಲೇ ಈಚೆ ಬಂದರು. ನಾನು ಕಾಫಿಗೆ ಕಾದು ಕೂತಿದ್ದೆ.

“ಎಪ್ಪಿನ ಕಣ” ಎಂದರು. “ಎಪ್ಪಿಲ್ದಿದ್ರೆ ಹಾಲು ಮೊಸರಾಗಲ್ಲ, ಇದಿಲ್ದಿದ್ರೆ ರಕ್ತ ಗಟ್ಟಿಯಾಗಲ್ಲ. ಎಪ್ಪು ಯಾರಿಗೆ ಗೊತ್ತಿಲ್ಲ ಏಳು?”

ನಾಲ್ಕು ತಾಲ್ಲೂಕಿನಲ್ಲಿ ಎಮ್ಮೆ ಹಸು ಇಲ್ಲದ ಮನೆ ಇರಬಹುದು, ಹೆಪ್ಪು ಗೊತ್ತಿಲ್ಲದ ಮನೆ ಇಲ್ಲ. ಹಾಸನದಲ್ಲಿ ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡು ಬಾ ಎಂದು ಚೀಟಿ ಕೊಟ್ಟರು. ಸ್ಟ್ಯಾಂಪಿನವನು ಓದಿದವನು, ಚೀಟಿಯಲ್ಲಿದ್ದ ‘ಎಪ್ಪಿನ ಕಣ’ವನ್ನು ತಿದ್ದಿ ‘ಹೆಪ್ಪಿನ ಕಣ’ ಎಂದು ಮಾಡಿದ್ದ. “ಇರ್ಲಿ ಬಿಡು, ಬರೆಯೋಕೆ ಅದು, ಏಳೋಕೆ ಇದು” ಎಂದು ಗಂಗಕ್ಕ ನಕ್ಕರು. ಆ ಜುಲೈ ಆದಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಪ್ರತಿ ಕಾಗದದ ಕೆಳಗೂ ನೀಲಿ ಶಾಯಿಯ ಸ್ಟ್ಯಾಂಪ್, ಅದರ ಮುಂದೆ ಗಂಗಕ್ಕನ ಕೈಬರಹದಲ್ಲಿ ಸಂಖ್ಯೆ. ನಕ್ಷತ್ರದ ಕಾಗದವಾದರೆ ರೋಗಿಯ ಕಡೆಯವರು ಬರುವ ತನಕ ಕಾಯುವುದಿಲ್ಲ, ತಾವೇ ಫೋನ್ ಮಾಡಿ, ‘ನಾನೇನಂದೆ, ಒಂದ್ಸಲ ನೀವೇಳಿ’ ಎಂದು ತಿರುಗಿ ಹೇಳಿಸುತ್ತಾರೆ. ನಮ್ಮ ರಜನೀಶ್ ಒಂದು ಕಾಗದ ನೋಡಿ, ಕಂಪನಿಯ ಅಚ್ಚುಕಟ್ಟಾದ ರಿಪೋರ್ಟಿನ ಮೇಲೆ ಇದೇನು ಮೊಸರಿನಂಗಡಿ ಸೀಲು ಎಂದು ಆಡಿಕೊಂಡರು. ಆದರೆ ಹೆಚ್ಚು ಮಾತಾಡಲಿಲ್ಲ, ಯಾಕೆಂದರೆ ಅರಕಲಗೂಡಿನ ಟೆಸ್ಟುಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. ಇನ್ನೊಂದಿಷ್ಟು ಏರಿದರೆ ಅಲ್ಲಿಗೆ ದೊಡ್ಡ ಮಿಶನ್ ಇಡೋಣ, ಏನು ಮಂತ್ರ ಹಾಕಿದೆಯಪ್ಪ ಎಂದು ನನ್ನ ಬೆನ್ನು ತಟ್ಟಿದರು.

ಮಂತ್ರ ಹಾಕುತ್ತಿದ್ದವರು ತಿಮ್ಮಪ್ಪ. ಮಲ್ಲಿಪಟ್ಟಣ ಹೋಬಳಿಯಲ್ಲಿ ಯಾರಿಗೆ ಜ್ವರ ಬಂದರೂ ‘ಗಂಗಮ್ಮೋರ ಲ್ಯಾಬಿಗೆ ಓಗಿ, ಸರ್ಯಾಗಿ ಏಳ್ತಾರೆ’ ಎಂದು ಕಳಿಸುತ್ತಿದ್ದರು. ಕೆಲವರನ್ನು ತಾವೇ ಕರೆದುಕೊಂಡು ಬರುತ್ತಿದ್ದರು. ಬಂದಾಗಲೆಲ್ಲ ಸೊಪ್ಪೋ, ಹೀರೇಕಾಯಿಯೋ. ಅವರು ಬಾಗಿಲು ದಾಟಿ ಹೋದಮೇಲೆ ಗಂಗಕ್ಕ ಆ ಕಟ್ಟನ್ನು ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದರು. ನಾನು ಕಂಡೂ ಕಾಣದಂತೆ ಮಿಶನ್ ಒರೆಸುತ್ತಿದ್ದೆ. ಆ ಏರುತ್ತಿದ್ದ ಸಂಖ್ಯೆಯಲ್ಲಿ ನನಗೂ ಪಾಲಿತ್ತು.

ಜನವರಿಯಲ್ಲಿ ತಿಮ್ಮಪ್ಪ ಒಂದು ಚೀಲ ಅವರೆಕಾಯಿ ತಂದರು. ಅವತ್ತು ನನ್ನ ತಿಂಗಳ ಸರ್ವಿಸಿನ ದಿನ, ಮಿಶನ್ನಿನ ಹಿಂಬದಿ ಮುಚ್ಚಳ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದೆ. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಗಂಗಕ್ಕ ಚೀಲ ಬಗ್ಗಿಸಿ ನೋಡಿ, ಸೊಗಡು ಜೋರಾಗಿದೆ ಎಂದು ಹೊಗಳಿ, ಲೋಕಾಭಿರಾಮಕ್ಕೆ ಒಂದು ಮಾತು ಕೇಳಿದರು.

“ನಿಮ್ಮಲ್ಲಿ ಅವರೆಕಾಳಿಗೆ ಕೋಳಿ ಆಕ್ತಾರಲ್ವಾ ಗೌಡ್ರೆ?”

“ಆಕ್ತಿದ್ರು. ಈಗ ಮನೇಲಿ ಕೋಳಿ ಕುಯ್ಯೋದೇ ಬಿಟ್ಬುಟ್ಟೀವಿ ಕಣಮ್ಮ.”

“ಯಾಕೆ?”

ತಿಮ್ಮಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡರು. “ಅವತ್ತು ನೀವು ಸರ್ಯಾಗೈತೆ ಅಂದ್ರಲ್ಲ. ಸಂತೋಸಕ್ಕೆ ನಾಟಿಕೋಳಿ ಕುಯ್ದು ಸಾರು ಮಾಡ್ಸ್ದೆ. ಅವ್ಳು ಬ್ಯಾಡ ಅಂದ್ಲು. ಮೈಗೆ ಬಲ ಬತ್ತದೆ ಉಣ್ಣು ಉಣ್ಣು ಅಂತ ಬಲವಂತ ಮಾಡಿ ಉಣ್ಣಿಸ್ದೆ. ಎರಡೊತ್ತು. ಆ ಉಷ್ಣಕ್ಕೆ ರಕ್ತ ಕೆಟ್ಟು ಬಿದ್ದೋಯ್ತು ಅಂತ ಅಸ್ಪತ್ರೇಲಿ ನಮ್ಮತ್ತೆಮ್ಮ ಅಂದ್ರು. ನಿಜ ತಾನೇ. ಸರ್ಯಾಗಿದ್ದೋಳ್ನ ನಾನೇ ಕೆಡಿಸ್ದೆ. ಕೈಯಾರೆ ಉಣ್ಣಿಸಿ ಸಾಯ್ಸೋಕೆ ಓಗಿದ್ನಲ್ಲ ಅಂತ, ಅವ್ಳ ಮುಂದೆ ಕೂತ್ರೆ ತುತ್ತು ಇಳಿಯಲ್ಲ ಕಣಮ್ಮ ನಂಗೆ.”

ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. ಆರು ತಿಂಗಳು ನಾವು ಲ್ಯಾಬಿನ ಹೆಸರು ಉಳಿಯುತ್ತಿದೆ ಎಂದುಕೊಂಡಿದ್ದೆವು. ಅದು ಉಳಿದದ್ದು ಈ ಮನುಷ್ಯನ ಹೆಗಲ ಮೇಲೆ ನಿಂತು. ನಾನು ಗಂಗಕ್ಕನ ಮುಖ ನೋಡಿ, ತಲೆಯಾಡಿಸಿ, ಬೇಡ ಎಂದು ಸನ್ನೆ ಮಾಡಿದೆ. ಹೌದು, ಆಗಲೂ ಮಾಡಿದೆ.

ಗಂಗಕ್ಕ ನನ್ನ ಕಡೆ ನೋಡಲಿಲ್ಲ. ಡ್ರಾಯರ್ ಎಳೆದು, ಮಡಿಸಿದ ಕಾಗದ ತೆಗೆದು, ತಿಮ್ಮಪ್ಪನ ಮುಂದೆ ಬಿಡಿಸಿಟ್ಟರು.

“ಗೌಡ್ರೆ, ಕೂತ್ಕಳಿ. ಇದು ಅವತ್ತಿನ ಪೇಪರು. ತಾರೀಕು, ಟೈಮು ನೋಡಿ, ಬೆಳಿಗ್ಗೆ ಅನ್ನೊಂದೂ ಮುಕ್ಕಾಲು. ನೀವು ಕೋಳಿ ಕುಯ್ಯೋಕೆ ಮುಂಚೆ. ಮೇಲ್ಗಡೆ ಇರೋದು ಬಿಳಿ ಕಣ, ಅದು ಸರ್ಯಾಗಿತ್ತು. ಇಲ್ಲಿರೋದು ಎಪ್ಪಿನ ಕಣ. ನೀವು ಫೋನಲ್ಲಿ ಕೇಳಿದ್ದು ಇದನ್ನ. ಮೂವತ್ತೆಂಟು ಸಾವಿರಕ್ಕೆ ಆಗ್ಲೇ ಬಿದ್ದೋಗಿತ್ತು. ನಾನು ಮೇಲ್ಗಡೆದು ಓದಿ ಸರ್ಯಾಗೈತೆ ಅಂದ್ಬುಟ್ಟೆ. ತಪ್ಪು ನಂದು. ಸಾರಿಂದಲ್ಲ.”

ತಿಮ್ಮಪ್ಪ ಕಾಗದವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಇಂಗ್ಲಿಷ್ ಅಕ್ಷರ, ಅವರಿಗೆ ಓದಲು ಬರುವುದು ಅಂಕಿ ಮಾತ್ರ.

“ಸಾರಿಂದ ಅಲ್ವಾ?” ಎಂದರು ಕೊನೆಗೆ.

“ಅಲ್ಲ.”

“ನಾನು ಉಣ್ಣಿಸ್ದೆ ಅಂತ ಅಲ್ವಾ?”

“ಅಲ್ಲ ಗೌಡ್ರೆ. ಕೋಳಿ ಸಾರಿಗೂ ಇದಕ್ಕೂ ಸಂಬಂಧವೇ ಇಲ್ಲ.”

ಅವರು ಕಾಗದ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಎದ್ದು ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನೋಡದೆ ಹೋದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಗಂಗಕ್ಕ ಆಮೇಲೆ ಹೇಳಿದರು. ಅವತ್ತು ಅವರೆಕಾಯಿಯ ಚೀಲ ಸಂಜೆಯ ತನಕ ಬೆಂಚಿನ ಮೇಲೇ ಇತ್ತು.

ಮುಂದಿನ ಮೂರು ವಾರ ಮಲ್ಲಿಪಟ್ಟಣದ ಕಡೆಯಿಂದ ಒಬ್ಬರೂ ಬರಲಿಲ್ಲ. ಟೆಸ್ಟ್ ಕಡಿಮೆಯಾದದ್ದು ಆಫೀಸಿನ ಕಂಪ್ಯೂಟರಿನಲ್ಲಿ ಕಂಡು ರಜನೀಶ್ ಕಾರಣ ಕೇಳಿದರು. ನಾನು ಜ್ವರದ ಕಾಲ ಮುಗಿಯಿತು ಎಂದೆ. ಕೆಲಸವಿಲ್ಲದಿದ್ದರೂ ವಾರಕ್ಕೊಂದು ಸಲ ಅರಕಲಗೂಡಿಗೆ ಹೋಗಿ ಬರತೊಡಗಿದೆ. ಗಂಗಕ್ಕ ಮಾಮೂಲಿನಂತೆ ಕೆಲಸ ಮಾಡಿಕೊಂಡಿದ್ದರು. ಊಟ ಕಮ್ಮಿಯಾಗಿತ್ತು, ಆದರೆ ರಾತ್ರಿ ನಿದ್ದೆ ಬರುತ್ತಿದೆ ಎಂದರು. ಬಾಗಿಲಲ್ಲಿ ನೆರಳು ಬಿದ್ದರೆ ಮಾತ್ರ ತಲೆ ಎತ್ತಿ ನೋಡುತ್ತಿದ್ದರು.

ಹಾಗೆ ತಲೆ ಎತ್ತಿ ನೋಡಿದಾಗ ಒಂದು ಬುಧವಾರ ಬಾಗಿಲಲ್ಲಿ ಕಾಮಾಕ್ಷಮ್ಮ ನಿಂತಿದ್ದರು. ಒಬ್ಬರೇ ಬಂದಿದ್ದರು. ತೆಳ್ಳಗಿನ ಹೆಂಗಸು, ಕಂಕುಳಲ್ಲಿ ಬ್ಯಾಗು. ಗಂಗಕ್ಕ ಎದ್ದು ನಿಂತರು.

“ಇವ್ರು ಮನೆಗೆ ಬಂದು ಏಳಿದ್ರು” ಎಂದರು ಕಾಮಾಕ್ಷಮ್ಮ. ದನಿ ಏರಿರಲಿಲ್ಲ. “ಫೋನಲ್ಲಿ ತಪ್ಪಾಗೋದು ನಂಗೆ ಅರ್ಥಾಯ್ತದೆ. ಜನ ನಿಂತಿರ್ತಾರೆ, ಆಯ್ತದೆ, ಅದ್ನ ನಾನೇನೂ ಅನ್ನಲ್ಲ. ಆರು ತಿಂಗ್ಳು ಇವ್ರು ನನ್ ಜೊತೆ ಕೂತು ಉಣ್ಲಿಲ್ಲ ಕಣಮ್ಮ. ತಟ್ಟೆ ತಗೊಂಡು ಜಗುಲಿಗೆ ಓಗೋರು. ನಾನು ಕಾಯ್ಲೆಯೋಳು ಅಂತ ಅಸಹ್ಯ ಪಟ್ಕತಾರೇನೋ ಅಂದ್ಕೊಂಡಿದ್ದೆ. ನೀವು ಅವತ್ತೇ ಒಂದ್ ಮಾತು ಏಳಿದ್ರೆ ಆಗ್ತಿರ್ಲಿಲ್ವಾ?”

ಗಂಗಕ್ಕ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಆಗ್ತಿತ್ತು. ಏಳ್ಬೇಕಾಗಿತ್ತು. ಎದ್ರಿಕೊಂಡೆ.”

ನನಗೆ ತಡೆಯಲಾಗಲಿಲ್ಲ. “ಸುಮ್ಕಿರು ಅಂತ ನಾನೇ ಏಳಿದ್ದು ಕಣಮ್ಮ” ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ನೀನ್ಯಾರಪ್ಪ?”

“ಮಿಶನ್ ಮಾರೋನು.”

ಅವರು ನನ್ನನ್ನು ದಾಟಿ ಹೋಗಿ, ರಕ್ತ ತೆಗೆಯುವ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಎಡಗೈ ಮೇಜಿನ ಮೇಲೆ ಚಾಚಿದರು.

“ತೆಗೀರಿ. ಅದೇನೋ ಎಪ್ಪಿನ ಕಣ ಅಂತಲ್ಲ, ಈಗೆಷ್ಟೈತೆ ನೋಡಿ ಏಳಿ.”

ಗಂಗಕ್ಕ ಕನ್ನಡಕ ಹಾಕಿಕೊಂಡರು. ತೋಳಿಗೆ ಪಟ್ಟಿ ಕಟ್ಟಿ, ಎರಡು ಬೆರಳಿನಿಂದ ನರ ತಟ್ಟಿದರು. ಬೆಳೆಯ ವಿಚಾರ ಕೇಳುವುದನ್ನು ಅವತ್ತು ಮರೆತರು. ಟ್ಯೂಬನ್ನು ಮಿಶನ್ನಿಗೆ ಕೊಟ್ಟು ಮೂವರೂ ಅದರ ಮುಂದೆ ಕಾದೆವು. ಅದು ಹೀರಿಕೊಂಡಿತು, ಗುರುಗುಟ್ಟಿತು. ಹನ್ನೊಂದು ವರ್ಷದಿಂದ ನಾನು ಆ ಒಂದು ನಿಮಿಷವನ್ನು ಮಾರುತ್ತಿದ್ದೇನೆ. ಅದು ಅಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ.

ಕಾಗದ ಬಂತು. ನಕ್ಷತ್ರ ಇರಲಿಲ್ಲ. ಗಂಗಕ್ಕ ಸ್ಟ್ಯಾಂಪ್ ಒತ್ತಿ, ಸಂಖ್ಯೆ ಬರೆದು, ಮೇಜು ಬಳಸಿ ಬಂದು ಕಾಮಾಕ್ಷಮ್ಮನ ಪಕ್ಕದಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು ಓದಿದರು.

“ಎಪ್ಪಿನ ಕಣ ಎರಡು ಲಕ್ಷದ ನಲವತ್ತು ಸಾವಿರ.”

“ಸಾಕಾ?”

“ಬೇಕಾದಷ್ಟಾಯ್ತು.”

ಕಾಮಾಕ್ಷಮ್ಮ ಬ್ಯಾಗಿನಿಂದ ಫೋನ್ ತೆಗೆದು, ಗುಂಡಿ ಒತ್ತಿ, ಆಚೆ ಕಡೆ ಗಂಟೆ ಹೊಡೆಯುತ್ತಿರುವಾಗಲೇ ಅದನ್ನು ಗಂಗಕ್ಕನ ಕೈಗೆ ಕೊಟ್ಟರು. “ಅವ್ರಿಗೂ ನೀವೇ ಏಳಿ. ಫೋನಲ್ಲೇ ಏಳಿ.”

ಗಂಗಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಗೌಡ್ರೆ, ನಾನು ಲ್ಯಾಬಿನ ಗಂಗಾಂಬಿಕೆ. ಕಾಮಾಕ್ಷಮ್ಮಂದು ಈಗ ನೋಡ್ದೆ. ಬಿಳಿ ಕಣ ಏಳು ಸಾವಿರ, ಅದು ಬೇರೆ. ಎಪ್ಪಿನ ಕಣ ಎರಡು ಲಕ್ಷದ ನಲವತ್ತು ಸಾವಿರ.”

ಆಚೆ ಕಡೆಯಿಂದ ತಿಮ್ಮಪ್ಪನ ದನಿ ನಮಗೂ ಕೇಳಿಸಿತು.

“ಸರ್ಯಾಗೈತಾ?”

ಗಂಗಕ್ಕನ ಕಣ್ಣಲ್ಲಿ ನೀರು ಬಂತು. ಕಾಗದವನ್ನು ಇನ್ನೊಂದು ಸಲ, ಮೇಲಿನ ಸಾಲಿನಿಂದ ಕೊನೆಯ ಸಾಲಿನವರೆಗೆ ಪೂರ್ತಿ ನೋಡಿದರು.

“ಸರ್ಯಾಗೈತೆ ಗೌಡ್ರೆ.”

ಕಾಮಾಕ್ಷಮ್ಮ ಫೋನ್ ವಾಪಸ್ ಇಸಿದುಕೊಂಡು, ತೋಳಿನ ಮೇಲಿನ ಹತ್ತಿಯನ್ನು ಒತ್ತಿ ಹಿಡಿದು ಬಾಗಿಲ ಕಡೆ ನಡೆದರು. “ಕೇಳಿಸ್ಕೊಂಡ್ರಲ್ಲ” ಎಂದರು ಫೋನಿಗೆ. “ಒಂದು ಕೋಳಿ ಇಡ್ದಿಕ್ಕಿ. ಬಸ್ಸಿಗೆ ಬತ್ತಾ ಇದೀನಿ.”